ತೀರಿಕೊಂಡವರ ಹೆಸರಿಗೆ ಬಂದ ಡಿವಿಡೆಂಡ್

"ಸೈ ಇದಽ ಏನು ನೋಡ್ರಿ," ಎಂದು ಪಂಪಣ್ಣ ಖಾತೆ ತೆಗೆದ ಹಳೆಯ ಅರ್ಜಿಯೊಂದನ್ನು ಮೇಜಿನ ಮೇಲೆ ಅವಳ ಕಡೆ ತಿರುಗಿಸಿಟ್ಟ.

ಪಾರ್ವತೆಮ್ಮ ನೋಡಿದಳು. ನೋಡಿದ ಮೇಲೆ ಕಣ್ಣು ಕೀಳಲು ಆಗಲಿಲ್ಲ.

ಕನಕರಾಯ. ಕೊನೆಯ ಅಕ್ಷರದಿಂದ ಎದ್ದ ಗೆರೆ ಹಿಂದಕ್ಕೆ ಓಡಿ, ಇಡೀ ಹೆಸರಿನ ಮೇಲೆ ಚಪ್ಪರ ಹಾಕಿದಂತೆ ನಿಂತಿತ್ತು. ಮದುವೆಯಾದ ಹೊಸದರಲ್ಲಿ ಅವಳು ಈ ಚಪ್ಪರ ಕಂಡು ನಕ್ಕಿದ್ದಳು. "ಹೆಸರಿಗೆ ಬಿಸಲು ಬಡಿತದೇನ್ರಿ?" ಎಂದು ಕೇಳಿದ್ದಳು.

ಜವಳಗೇರಾದ ಹತ್ತಿರ ಕಾಲುವೆಯಲ್ಲಿ ಸಿಕ್ಕ ಹೆಣವನ್ನು ಗಂಡನದೆಂದು ಮಣ್ಣು ಮಾಡಿ ಮೂರು ವರ್ಷ ನಾಲ್ಕು ತಿಂಗಳಾಗಿತ್ತು. ಈ ಸಹಿಗೆ ಇನ್ನೂ ಎರಡು ವರ್ಷವೂ ತುಂಬಿರಲಿಲ್ಲ.

"ಅವರದಽ," ಅಂದಳು. "ಅವರದಽ ಇದ್ದಂಗ ಐತಿ."

ಪಕ್ಕದಲ್ಲಿ ಕುಳಿತಿದ್ದ ಖಾದರಬಾಷಾ ಅರ್ಜಿಯ ಮೇಲೆ ಬಾಗಿದ. ಮೂವತ್ತು ವರ್ಷ ಪೊಲೀಸ್ ಖಾತೆಯಲ್ಲಿದ್ದು ಜಮೇದಾರನಾಗಿ ನಿವೃತ್ತನಾದ ಅವನು ಈಗ ಸಿಂಧನೂರಿನ ತಹಶೀಲ ಕಚೇರಿಯ ಮುಂದೆ ಬೇವಿನ ಗಿಡದ ಕೆಳಗೆ ಟೈಪ್‌ರೈಟರ್ ಇಟ್ಟುಕೊಂಡು ಅರ್ಜಿ ಬಡಿಯುತ್ತಿದ್ದ. ಟ್ರಂಕಿನ ತಳದಲ್ಲಿ ಸಿಕ್ಕ ಹಳೆಯ ಡಿವಿಡೆಂಡ್ ಚೀಟಿಯೊಂದನ್ನು ಪಾರ್ವತೆಮ್ಮ ಅವನ ಹತ್ತಿರ ಒಯ್ದಿದ್ದಳು. ಹೈದರಾಬಾದಿನ ಸಿಮೆಂಟ್ ಕಂಪನಿಗೆ ಕಾಗದ ಬರೆದವನು ಅವನೇ. ಗಂಡನ ಹೆಸರಿನ ಶೇರು ಹೆಂಡತಿಯ ಹೆಸರಿಗೆ ಮಾಡಿಕೊಡಿರೆಂದು ಕೇಳಿದ್ದರು. ಕಂಪನಿ ಕೊಟ್ಟ ಉತ್ತರ ಇಬ್ಬರನ್ನೂ ಇಂದು ಬೆಳಗಿನ ಬಸ್ಸಿಗೆ ಲಿಂಗಸುಗೂರಿಗೆ ಎಳೆದು ತಂದಿತ್ತು.

ಉತ್ತರದಲ್ಲಿದ್ದದ್ದು ಇಷ್ಟು: ತೊಂಬತ್ತೊಂದರ ಏಪ್ರಿಲ್‌ನಲ್ಲಿ ಶ್ರೀ ಕನಕರಾಯ ಅವರೇ ಸಹಿ ಮಾಡಿ ವಿಳಾಸ ಬದಲಿಸಿಕೊಂಡಿದ್ದಾರೆ. ಸಹಿ ನಮ್ಮ ದಾಖಲೆಗೆ ಹೊಂದಿದೆ. ಆಮೇಲಿನ ಡಿವಿಡೆಂಡ್ ಲಿಂಗಸುಗೂರಿನ ಬ್ಯಾಂಕಿನ ಮೂಲಕ ಸಂದಾಯವಾಗಿದೆ.

"ನನಗೊಂದು ತಿಳಿವಲ್ದು ಪಂಪಣ್ಣ," ಖಾದರಬಾಷಾ ಕನ್ನಡಕ ಒರೆಸುತ್ತ ಕೇಳಿದ. "ಮನಿಷಾ ಸತ್ತ ಮ್ಯಾಲ ಪಗಾರ ನಿಂದರತದ. ಪಿಂಚಣಿ ಹೇಣ್ತಿಗೆ ಬರತದ. ಸತ್ತಾವನ ಹೆಸರಿಗೇ ವರ್ಷಾ ಬರೂ ಇದು ಯಾವ ಜಾತಿ ರೊಕ್ಕ?"

ಪಂಪಣ್ಣ ಬ್ಯಾಂಕಿನ ಗುಮಾಸ್ತ. ಮ್ಯಾನೇಜರು ಮೀಟಿಂಗಿಗೆ ರಾಯಚೂರಿಗೆ ಹೋಗಿದ್ದರಿಂದ, ಜಮೇದಾರನ ಹಳೆಯ ಗುರುತಿನ ಮೇಲೆ ಹೆದರುತ್ತಲೇ ಈ ಕಾಗದ ಹೊರಗೆ ತೆಗೆದಿದ್ದ. ಆದರೆ ಹೇಳಿಕೊಡುವ ಸಂದರ್ಭ ಬಂದರೆ ಅವನ ಹೆದರಿಕೆ ಹಾರಿ ಹೋಗುತ್ತಿತ್ತು.

"ಸಿಂಧನೂರಿನವರಿಗೆ ತಿಳಿಯಂಗ ಹೇಳ್ತೀನಿ ಕೇಳ್ರಿ. ನಿಮ್ಮ ಕಡೆ ಹೊಲ ಲೀಜಿಗೆ ಕೊಡತಾರಿಲ್ಲ? ಮಾಲಕ ರಾಯಚೂರಾಗ ಕುಂತಿರತಾನ, ಕ್ಯಾಂಪಿನ ಆಂಧ್ರದವರು ನೆಲ್ಲು ಬೆಳಿತಾರ. ಎಕರೆಗೆ ಇಷ್ಟು ಚೀಲ ಅಂತ ಮಾಲಕನ ಮನಿಗೆ ಮುಟ್ಟಸತಾರ. ಮಾಲಕ ಕಾಲು ಕೆಸರು ಮಾಡ್ಕೊಳ್ಳಂಗಿಲ್ಲ."

"ಅದು ಗೊತ್ತೈತಿ."

"ಶೇರು ಅಂದ್ರ ಕಂಪನಿಯೊಳಗ ನಿಮ್ಮದೊಂದು ಗುಂಟೆ. ಲಾಭ ಬಂದ ವರ್ಷ ಶೇರಿಗೆ ಇಷ್ಟು ಅಂತ ಕಳಸತಾರ. ಅದಽ ಡಿವಿಡೆಂಡ್. ಹತ್ತು ರೂಪಾಯಿ ಶೇರಿಗೆ ಈ ಕಂಪನಿ ಒಂದೂವರಿ ರೂಪಾಯಿ ಕೊಡಾಕತ್ತೈತಿ."

"ಬೆಳಿ ಹಾಳಾದ ವರ್ಷ?" ಪಾರ್ವತೆಮ್ಮ ಕೇಳಿದಳು.

"ಹಾಳಾದ್ರ ಇಲ್ರಿ ಅಕ್ಕಾರ. ಇದು ಬ್ಯಾಂಕಿನ ಬಡ್ಡಿ ಅಲ್ಲ, ಕೊಡಾಕಽಬೇಕು ಅಂತಿಲ್ಲ."

"ಮಾಲಕ ಸತ್ತರ?"

"ಪಹಣ್ಯಾಗ ಹೆಸರು ಇರೂತನಕ ಅವನಽ ಮಾಲಕ. ವರ್ಷಕ್ಕೊಂದು ತಾರೀಖು ಹಿಡದು ಕಂಪನಿಯವರು ಪುಸ್ತಕ ಮುಚ್ಚತಾರ. ಅವತ್ತು ಯಾರ ಹೆಸರು ಐತಿ, ಅವರ ವಿಳಾಸಕ್ಕ ರೊಕ್ಕ. ಉಸಿರಾಡ್ತಾನೋ ಇಲ್ಲೋ ಅಂತ ಅವರಿಗೇನು ಗೊತ್ತು? ಯಾರರೆ ಹೇಳಬೇಕು."

ಯಾರಾದರೂ ಹೇಳಬೇಕಿತ್ತು. ಅವಳು ಹೇಳಿದ್ದಳು, ತಪ್ಪಾದ ದಾರಿಯಲ್ಲಿ. ಗಂಡ ಹೋದ ತಿಂಗಳಲ್ಲೇ ಕಂಪನಿಯ ಲಕೋಟೆ ಬಂದಿತ್ತು. ಅತ್ತೆ ಸೂಗಮ್ಮ ಅದನ್ನು ಹೊಸ್ತಿಲು ದಾಟಗೊಡಲಿಲ್ಲ. ಸಾವಿನ ಸುದ್ದಿಯ ಕಾಗದವನ್ನು ಓದಿ ಹರಿದು ಹೊರಗೆ ಒಗೆಯುವ ಹಾಗೆ, ಸತ್ತವರ ಹೆಸರಿಗೆ ಬಂದ ಕಾಗದವನ್ನೂ ಮನೆಯೊಳಗೆ ಇಟ್ಟುಕೊಳ್ಳಬಾರದು ಎಂದಿದ್ದಳು. ಪಾರ್ವತೆಮ್ಮ ಲಕೋಟೆಯ ಮೇಲೆ ತನ್ನ ಕೈಯಾರೆ 'ಮಾಲಕರು ತೀರಿಕೊಂಡಿದ್ದಾರೆ' ಎಂದು ಬರೆದು ಪೋಸ್ಟಿನವನಿಗೆ ವಾಪಸು ಕೊಟ್ಟಿದ್ದಳು. ಮರುವರ್ಷವೂ ಹಾಗೇ ಮಾಡಿದಳು. ಮೂರನೆಯ ವರ್ಷ ಲಕೋಟೆ ಬರಲಿಲ್ಲ. ಕಂಪನಿಗೂ ತಿಳಿಯಿತು ಅಂದುಕೊಂಡು ಅವತ್ತು ಅತ್ತಿದ್ದಳು. ಗಂಡನನ್ನು ಬದುಕಿದ್ದಾನೆಂದು ನಂಬಿದ್ದ ಜಗತ್ತಿನ ಕಟ್ಟಕಡೆಯ ಜಾಗವೂ ಅವನನ್ನು ಕೈಬಿಟ್ಟಿತಲ್ಲ ಎಂದು.

"ಇಲ್ಲಿ ಜಮಾ ಆಗ್ಯಾವು ನೋಡ್ರಿ," ಪಂಪಣ್ಣ ಲೆಡ್ಜರಿನ ಹಾಳೆಯ ಮೇಲೆ ಬೆರಳಿಟ್ಟ. "ತೊಂಬತ್ತೊಂದರ ಅಕ್ಟೋಬರ್, ಮುನ್ನೂರು. ತೊಂಬತ್ತೆರಡರ ಅಕ್ಟೋಬರ್, ಮುನ್ನೂರು. ಎರಡೂ ಸಲ ವಾರದೊಳಗಽ ತಗದಾರ."

"ಮುನ್ನೂರಲ್ಲ. ನೂರೈವತ್ತು ಇರಬೇಕು," ಪಾರ್ವತೆಮ್ಮ ತಡೆದಳು. "ನೂರು ಶೇರು. ಅವರು ರೈಸ್‌ಮಿಲ್ಲಿನಾಗ ತೂಕದ ಗುಮಾಸ್ತ ಇದ್ರು, ಮಿಲ್ಲಿನ ರೆಡ್ಡಿಯವರು ಫಾರ್ಮ್ ಕೊಟ್ಟಿದ್ರು. ನಮ್ಮ ಪಡಸಾಲ್ಯಾಗ ಕುಂತು ನನ್ನ ಮುಂದಽ ತುಂಬ್ಯಾರ. ಮೊದಲ ಎರಡು ವರ್ಷ ನೂರೈವತ್ತಽ ಬಂದದ್ದು."

ಪಂಪಣ್ಣ ಕಂಪನಿಯ ಕಾಗದ ಇಸಿದುಕೊಂಡು ಕೊನೆಯ ಸಾಲು ಓದಿದ. ಮುಖ ಅರಳಿತು.

"ಬೋನಸ್ ಕೊಟ್ಟಾರ್ರಿ! ತೊಂಬತ್ತೊಂದರ ಆಗಸ್ಟಿನಾಗ, ಒಂದಕ್ಕ ಒಂದು. ಅಂದ್ರ ರೊಕ್ಕದ ಬದ್ಲಿ ಶೇರಽ ಕೊಡೂದು. ಹಿಂದಿನ ವರ್ಷಗಳ ಲಾಭ ಪೂರ್ತಿ ಹಂಚಿರಂಗಿಲ್ಲ, ಕಂಪನ್ಯಾಗಽ ಉಳಿಸಿರತಾರ. ಅದರ ಲೆಕ್ಕಕ್ಕ ಪುಕ್ಕಟೆ ಶೇರು. ನೂರು ಇದ್ದವು ಇನ್ನೂರು ಆದವು. ಹೊಸ ನೂರರ ಪತ್ರ ರಿಜಿಸ್ಟರ್ ಲಕೋಟ್ಯಾಗ ಕಳಸ್ಯಾರ."

"ಪುಕ್ಕಟೆ?" ಖಾದರಬಾಷಾ ಹುಬ್ಬೇರಿಸಿದ. "ನಮ್ಮ ಖಾತೆಯವರು ಮೂವತ್ತು ವರ್ಷಕ್ಕ ಒಂದು ಲಾಠಿ ಕೊಟ್ರು. ಬಿಡೂ ದಿನ ಅದನ್ನೂ ಎಣಿಸಿ ಇಸ್ಗೊಂಡ್ರು."

"ಭಾಳ ಹಿಗ್ಗೂದು ಬ್ಯಾಡ್ರಿ. ಒಂದು ರೊಟ್ಟಿ ಮುರದು ಎರಡು ಮಾಡಿದಂಗ. ಪ್ಯಾಟ್ಯಾಗ ಒಂದೊಂದು ಶೇರಿನ ರೇಟು ಅಷ್ಟಽ ಇಳಿತದ. ಆದ್ರ ಶೇರಿಗೆ ಒಂದೂವರಿ ಅನ್ನೂದು ಹಂಗಽ ಉಳಿತು ಅಂದ್ರ, ವರ್ಷಕ್ಕ ಕೈಗೆ ಬರೂದು ದುಪ್ಪಟ್ಟು. ಅದಕ್ಕಽ ಮುನ್ನೂರು."

ಪಾರ್ವತೆಮ್ಮ ತಲೆಯಾಡಿಸಿದಳು. ಅರ್ಥವಾಗಿತ್ತು. ಗಂಡ ಈ ಫಾರ್ಮ್ ತುಂಬಿದ ದಿನ, ಇದೇನೆಂದು ಅವಳು ಕೇಳಿದ್ದಳು. "ನಿನಗ್ಯಾಕ ಅದೆಲ್ಲ," ಎಂದಿದ್ದ, ಪ್ರೀತಿಯಿಂದಲೇ. ಇಷ್ಟು ಸರಳವಾದದ್ದನ್ನು ಹೇಳಲು ಅವನಿಗೆ ಒಂದು ಚಹಾ ಕುಡಿಯುವಷ್ಟು ಹೊತ್ತು ಸಾಕಿತ್ತು.

"ರೊಕ್ಕ ತಗದಾವನ್ನ ನೋಡೀರೇನು?" ಖಾದರಬಾಷಾ ಕೇಳಿದ.

"ನಾ ಇಲ್ಲಿಗೆ ಬಂದು ಎರಡು ತಿಂಗಳಾತ್ರಿ. ಆಗ ಇದ್ದಾವ ಈಗ ಬೀದರಿನಾಗ ಅದಾನ. ಆದ್ರ ಖಾತೆ ತಗೀಬೇಕಂದ್ರ ಗುರ್ತಿನವರು ಒಬ್ಬರು ಸೈ ಹಾಕಬೇಕು." ಪಂಪಣ್ಣ ಅರ್ಜಿಯ ಹಿಂಬದಿ ತಿರುಗಿಸಿದ. "ಇಲ್ಲಿ ಐತಿ ನೋಡ್ರಿ. ಪಕೀರಪ್ಪ. ಮೋಟರ್ ವೈಂಡಿಂಗ್ ಅಂಗಡಿ, ಮಸ್ಕಿ."

ಅವಳ ಮೈದುನ. ಕನಕರಾಯನ ಬೆನ್ನಿಗೆ ಹುಟ್ಟಿದ ತಮ್ಮ. ಐದು ದಿನ ನೀರಲ್ಲಿದ್ದು ಮುಖವೇ ಉಳಿಯದ ಹೆಣದ ಮುಂದೆ ನಿಂತು, ಅದರ ಕೈಯ ಗಡಿಯಾರ ತೋರಿಸಿ, "ಹೌದ್ರಿ, ನಮ್ಮಣ್ಣನಽ," ಎಂದು ಪಂಚನಾಮೆಗೆ ಸಹಿ ಹಾಕಿದವನು ಅವನೇ.

*

ಮಸ್ಕಿಯ ಬಸ್ಸಿನಲ್ಲಿ ಕಿಟಕಿಯ ಕಡೆ ಅವಳು ಕುಳಿತಳು. ಹೊರಗೆ ಜೋಳದ ಹೊಲಗಳು ಹಿಂದಕ್ಕೆ ಸರಿಯುತ್ತಿದ್ದವು. ಮುಂದಿನ ಸೀಟಿನ ಹೆಂಗಸು ಮಡಿಲಲ್ಲಿ ಕುರಿಮರಿ ಇಟ್ಟುಕೊಂಡು ಕಂಡಕ್ಟರನೊಡನೆ ಜಗಳಕ್ಕೆ ನಿಂತಿದ್ದಳು. "ಇದಕ್ಕೂ ಟಿಕೆಟ್ ಅಂತಿಯಲ್ಲೋ, ಇದು ಇಳಿಯೂ ಊರು ಅದಕ್ಕ ಗೊತ್ತೈತೇನು ಕೇಳು!" ಬಸ್ಸೆಲ್ಲ ನಕ್ಕಿತು. ಪಾರ್ವತೆಮ್ಮನಿಗೆ ನಗು ಎಲ್ಲೋ ದೂರದ ಓಣಿಯಲ್ಲಿ ಕೇಳಿದಂತಾಯಿತು.

"ಪಾರವ್ವ," ಖಾದರಬಾಷಾ ಮೆಲ್ಲಗೆ ಅಂದ. "ಎರಡರಾಗ ಒಂದು ಖರೇ. ಒಂದು, ಪಕೀರಪ್ಪ ಅಣ್ಣನ ಸೈ ಕಲತು ರೊಕ್ಕ ತಿಂದಾನ. ಒಂದಽ ಮನ್ಯಾಗ ಬೆಳದವರು, ಒಂದಽ ಮಾಸ್ತರ ಕೈಯಾಗ ಅಕ್ಷರ ತಿದ್ದಿದವರು. ಕಷ್ಟೇನಲ್ಲ."

"ಇನ್ನೊಂದು?"

ಅವನು ಟಿಕೆಟು ಮಡಿಚಿ ಜೇಬಿಗೆ ಹಾಕಿದ. ಇನ್ನೊಂದನ್ನು ಹೇಳಬೇಕಾಗಿರಲಿಲ್ಲ.

ಅವಳು ಕಣ್ಣು ಮುಚ್ಚಿದಳು. ಜೀವನದಲ್ಲಿ ಎಷ್ಟೋ ಹರಕೆ ಹೊತ್ತಿದ್ದಳು. ಇಂಥದೊಂದನ್ನು ಹೊರುತ್ತೇನೆಂದು ನೆನೆಸಿರಲಿಲ್ಲ. ದೇವರೇ, ನನ್ನ ಮೈದುನ ಕಳ್ಳನಾಗಲಿ. ಆರುನೂರು ರೂಪಾಯಿ ಕದ್ದಿರಲಿ, ಆರು ಸಾವಿರ ಕದ್ದಿರಲಿ. ನನ್ನ ಗಂಡ ಸತ್ತೇ ಇರಲಿ.

ಹಾಗೆ ಬೇಡಿಕೊಂಡದ್ದು ತಿಳಿದು ಅವಳು ಕಣ್ಣು ತೆರೆದಳು. ಮೂರು ವರ್ಷ ಅವನು ಬಾಗಿಲು ಬಡಿದಂತೆ ಕನಸು ಕಂಡು ಎದ್ದು ಕುಳಿತವಳು ಅವಳೇ ತಾನೆ? ಅಗಳಿ ತೆಗೆದು ಖಾಲಿ ಓಣಿ ನೋಡಿದವಳು ಅವಳೇ ತಾನೆ? ಆದರೆ ಆ ಕನಸಿನಲ್ಲಿ ಬಂದವನು ನೀರಿನಿಂದ ಎದ್ದು ಬಂದವನಾಗಿದ್ದ, ಅವಳಿಗಾಗಿ ಬಂದವನಾಗಿದ್ದ. ಲಿಂಗಸುಗೂರಿನ ಬ್ಯಾಂಕಿಗೆ ಬಂದವನು ಬೇರೆ. ಸಿಂಧನೂರಿಗೂ ಲಿಂಗಸುಗೂರಿಗೂ ನಡುವೆ ಎಷ್ಟು ದೂರ? ಒಂದು ಹೊತ್ತಿನ ಬಸ್ಸಿನ ದಾರಿ. ಮುನ್ನೂರು ರೂಪಾಯಿಗಾಗಿ ಅವನು ಎರಡು ಸಲ ಬದುಕಿ ಬಂದಿದ್ದರೆ, ಅವಳಿಗಾಗಿ ಒಂದು ಸಲವೂ ಬರಲಿಲ್ಲವೆಂದಾಯಿತು.

ಸತ್ತ ಗಂಡನ ಜೊತೆ ಅವಳು ಸಂಸಾರ ಮಾಡಿಕೊಂಡಿದ್ದಳು. ಅವನು ಒಳ್ಳೆಯವನಾಗಿಯೇ ಉಳಿದಿದ್ದ. ವಿಧವೆಯೆಂಬ ಸರ್ಟಿಫಿಕೇಟಿನ ಮೇಲೆ ಅಂಗನವಾಡಿ ಟೀಚರ್ ಕೆಲಸ ಸಿಕ್ಕಿತ್ತು. ಓಣಿಯವರು ಮರುಗುತ್ತಿದ್ದರು, ಮರ್ಯಾದೆ ಕೊಡುತ್ತಿದ್ದರು. ಗಂಡ ಬಿಟ್ಟುಹೋದ ಹೆಂಗಸಿಗೆ ಯಾರೂ ಮರುಗುವುದಿಲ್ಲ. ಆಕೆಯಲ್ಲೇ ಏನೋ ಐಬು ಹುಡುಕುತ್ತಾರೆ. ಎಲ್ಲರಿಗಿಂತ ಮೊದಲು ಆಕೆಯೇ ಹುಡುಕಿಕೊಳ್ಳುತ್ತಾಳೆ.

*

ಪಕೀರಪ್ಪ ಅಂಗಡಿಯಲ್ಲಿ ಸುಟ್ಟ ಪಂಪ್‌ಸೆಟ್ಟಿನ ಮೋಟರು ಬಿಚ್ಚಿಕೊಂಡು ತಾಮ್ರದ ತಂತಿ ಸುತ್ತುತ್ತಿದ್ದ. ತುಟಿ ಅಲ್ಲಾಡಿಸುತ್ತ ಸುತ್ತು ಎಣಿಸುತ್ತಿದ್ದ. ಅತ್ತಿಗೆಯನ್ನು ಕಂಡು ನಕ್ಕ. ಹಿಂದೆ ಬಂದವನನ್ನು ಕಂಡು ಎಣಿಕೆ ತಪ್ಪಿದ.

"ಬರ್ರಿ ಅತ್ತಿಗಿ. ಏನು ಹೇಳದ ಕೇಳದ..."

"ಸುತ್ತು ಎಷ್ಟಕ್ಕ ನಿಂತಿತ್ತು ನೆನಪಿಟ್ಕೊ ತಮ್ಮ," ಖಾದರಬಾಷಾ ಅಂದ. "ಇಲ್ಲಂದ್ರ ರೈತ ಬಂದು ನಿನ್ನಽ ಬಾವ್ಯಾಗ ಇಳಸ್ತಾನ. ಒಳಗ ನಡಿ, ಒಂದೆರಡು ಮಾತು ಅದಾವು."

ಅಂಗಡಿಯ ಹಿಂದೆಯೇ ಮನೆ. ಪಕೀರಪ್ಪನ ಹೆಂಡತಿ ಕೂಲಿಗೆ ಹೋಗಿದ್ದಳು. ಒಳಗಿನ ಕೋಣೆಯ ಬಾಗಿಲು ಮುಂದೆ ಮಾಡಿತ್ತು. ಅವ್ವ ಮಲಗ್ಯಾಳ, ಮೈಯಾಗ ಆರಾಮಿಲ್ಲ ಎಂದ. ಕನಕರಾಯ ಹೋದ ವರ್ಷವೇ ಸೂಗಮ್ಮ ಸಿಂಧನೂರು ಬಿಟ್ಟು ಕಿರಿಯ ಮಗನ ಮನೆ ಸೇರಿದ್ದಳು.

ಖಾದರಬಾಷಾ ಸುತ್ತಿ ಬಳಸಿ ಮಾತಾಡಲಿಲ್ಲ. ಕಂಪನಿಯ ಕಾಗದ ಚಾಪೆಯ ಮೇಲಿಟ್ಟ. ಬ್ಯಾಂಕಿನಲ್ಲಿ ಕಂಡ ಸಹಿಯ ಮಾತು ಹೇಳಿದ. "ಗುರ್ತು ಹಿಡದಾವ ನೀನು. ಹೆಣದ್ದೂ ನೀನಽ, ಖಾತೇದ್ದೂ ನೀನಽ. ಯಾವ್ದು ಸುಳ್ಳು?"

ಪಕೀರಪ್ಪ ಕಾಗದದ ಕಡೆ ನೋಡಲೇ ಇಲ್ಲ. ಕೈಗೆ ಹತ್ತಿದ ವಾರ್ನಿಷನ್ನು ಉಗುರಿನಿಂದ ಕೆರೆದ. ಆಮೇಲೆ ಸಟ್ಟನೆ ಮುಂದೆ ಬಾಗಿ ಪಾರ್ವತೆಮ್ಮನ ಕಾಲಿಗೆ ಕೈ ಹಚ್ಚಿದ.

"ತಪ್ಪಾಗೇತಿ ಅತ್ತಿಗಿ. ನಾನಽ ಮಾಡೀನಿ."

"ಏನು ಮಾಡೀದಿ?"

"ಅಣ್ಣನ ಸೈ ಹಾಕಿ ಕಂಪನಿಗೆ ಕಾಗದ ಬರದೆ. ಬ್ಯಾಂಕಿಗೆ ನಾನಽ ಹೋಗಿ ಅಣ್ಣ ಅಂತ ನಿಂತೆ. ಅಂಗಡಿ ನಡೀತಿದ್ದಿಲ್ಲ. ನಿಮಗ ಈ ಶೇರು ಪಾರು ತಿಳಿಯಂಗಿಲ್ಲ, ಲಕೋಟಿ ವಾಪಸ್ ಕಳಸಾಕತ್ತೀರಿ ಅಂತ ಅವ್ವ ಹೇಳಿದ್ಳು. ಸುಮ್ನ ಹೋಗೂ ರೊಕ್ಕ ಅಂತ... ಕಳ್ಳ ಅಂದ್ರ ಕಳ್ಳ ಅನ್ರಿ. ಪೊಲೀಸರಿಗೆ ಕೊಡ್ತೀರಿ, ಕೊಡ್ರಿ."

ದೇವರು ಕೇಳಿಸಿಕೊಂಡಿದ್ದ. ಮೈದುನ ಕಳ್ಳ. ಗಂಡ ಅಲ್ಲಿಯೇ ಇದ್ದಾನೆ, ಅವಳು ಅಮಾವಾಸ್ಯೆಗೊಮ್ಮೆ ದೀಪ ಹಚ್ಚಿ ಬರುವ ಮಣ್ಣಿನಲ್ಲಿ. ಅವನು ಎಲ್ಲಿಗೂ ಹೋಗಿರಲಿಲ್ಲ. ಅವಳಿಗೆ ಅಳು ಬಂತು. ಇಷ್ಟು ಸುಖದ ಅಳು ಎಷ್ಟೋ ದಿನದಿಂದ ಬಂದಿರಲಿಲ್ಲ.

"ಎಷ್ಟು ತಗೊಂಡಿ?" ಖಾದರಬಾಷಾ ಸಣ್ಣ ನೋಟ್‌ಬುಕ್ಕು ತೆಗೆದ.

"ಒಟ್ಟು ಮುನ್ನೂರು." ಪಕೀರಪ್ಪ ಎದ್ದು ಗೂಟಕ್ಕೆ ಹಾಕಿದ್ದ ಅಂಗಿಯ ಜೇಬಿನಿಂದ ದುಡ್ಡು ತೆಗೆದ. ನೂರರ ಮೂರು ನೋಟು ಮಡಿಚಿ ಅತ್ತಿಗೆಯ ಅಂಗೈಯಲ್ಲಿಟ್ಟ. "ಎಣಿಸ್ಕೋರಿ. ವರ್ಷಾ ನೂರೈವತ್ತರಂಗ ಎರಡು ವರ್ಷದ್ದು. ಒಂದು ಪೈಸಾ ಕಮ್ಮಿ ಇಲ್ಲ."

ಖಾದರಬಾಷಾ ತಲೆಯಾಡಿಸಿದ. ಮುನ್ನೂರು ಎಂಬ ಅಂಕಿ ಅವನ ನೋಟ್‌ಬುಕ್ಕಿನಲ್ಲೂ ಇತ್ತು. "ಹೂಂ," ಎಂದು ಬರೆದುಕೊಂಡು, ಪೆನ್ನಿನ ಟೋಪಿ ಮುಚ್ಚಿದ. "ಮನಿ ಮಾತು, ಮನ್ಯಾಗಽ ಮುಗಿಸ್ಕೊಳ್ರಿ ಅಂದ್ರ ನಂದೇನೂ ಇಲ್ಲ ಪಾರವ್ವ. ಕೇಸು ಮಾಡೂದು ಬಿಡೂದು ನಿನಗ ಬಿಟ್ಟದ್ದು."

ಪಾರ್ವತೆಮ್ಮ ಅಂಗೈಯ ನೋಟುಗಳನ್ನು ನೋಡುತ್ತಿದ್ದಳು.

ವರ್ಷಾ ನೂರೈವತ್ತು.

ನೂರು ಶೇರಿನ ಲೆಕ್ಕ ಅದು. ಕನಕರಾಯ ಮನೆಯಲ್ಲಿದ್ದ ಕಾಲದ ಲೆಕ್ಕ. ಅವನು ಹೋದ ಮೇಲೆ ಕಂಪನಿ ಒಂದಕ್ಕೆ ಒಂದು ಕೊಟ್ಟು ಇನ್ನೂರು ಮಾಡಿತ್ತು. ವರ್ಷಕ್ಕೆ ಮುನ್ನೂರರಂತೆ ಎರಡು ಸಲ, ಆರುನೂರು ರೂಪಾಯಿ ಬ್ಯಾಂಕಿನ ಕಿಟಕಿಯಿಂದ ಯಾರದೋ ಕೈಗೆ ಹೋಗಿತ್ತು. ಆ ಕೈ ಪಕೀರಪ್ಪನದಾಗಿದ್ದರೆ, ಎಷ್ಟು ತಗೊಂಡೆನೆಂಬುದು ಪಕೀರಪ್ಪನಿಗೆ ಗೊತ್ತಿಲ್ಲವೆ?

ತಪ್ಪೊಪ್ಪಿಕೊಂಡು ಕಾಲು ಹಿಡಿದ ಮನುಷ್ಯ ಅರ್ಧ ಬಚ್ಚಿಡುತ್ತಾನೆಯೆ? ಅವನ ಮುಖ ನೋಡಿದಳು. ಬಚ್ಚಿಟ್ಟವನ ಮುಖವಲ್ಲ ಅದು. ಪರೀಕ್ಷೆಯಲ್ಲಿ ಉತ್ತರ ಊಹಿಸಿ ಬರೆದು, ಮಾಸ್ತರ ಕೆಂಪು ಮಸಿಯನ್ನು ಕಾಯುವವನ ಮುಖ.

ಜಮೇದಾರನಿಗೆ ಇದು ಹೊಳೆದಿರಲಿಲ್ಲ. ಜಗತ್ತಿನಲ್ಲಿ ಇನ್ನಾರಿಗೂ ಹೊಳೆಯುವಂತಿರಲಿಲ್ಲ. ಅವಳು ಮುಷ್ಟಿ ಮುಚ್ಚಿದ್ದರೆ ಸಾಕಿತ್ತು. "ಹೋಗ್ಲಿ ಬಿಡು ಪಕೀರಪ್ಪ," ಎಂದು ಎದ್ದು, ಸಂಜೆಯೊಳಗೆ ಸಿಂಧನೂರು ಸೇರಿ, ತನ್ನ ಸತ್ತ ಗಂಡನ ಜೊತೆ ಉಳಿದ ಆಯುಷ್ಯ ಕಳೆಯಬಹುದಿತ್ತು.

ಅಂಗಡಿಯ ಮುಂದೆ ಟ್ರ್ಯಾಕ್ಟರೊಂದು ಬಂದು ನಿಂತು, ಯಾರೋ ಪಕೀರಪ್ಪನನ್ನು ಕೂಗಿ, ಉತ್ತರ ಸಿಗದೆ ಹೊರಟು ಹೋಯಿತು.

"ಪಕೀರಪ್ಪ," ಅಂದಳು. "ರಿಜಿಸ್ಟರ್ ಲಕೋಟಿ ಒಂದು ಬಂದಿತ್ತಲ್ಲ, ಬೋನಸ್ ಶೇರಿನ ಪತ್ರ ಇದ್ದದ್ದು. ಅದೆಲ್ಲೈತಿ?"

"ಯಾವ... ಹಾಂ, ಅದಾ? ಈ ಅಂಗಡಿಗಽ ಬಂದಿತ್ತು, ಸೈ ಮಾಡಿ ಇಸ್ಗೊಂಡಿದ್ದೆ."

"ಒಳಗ ಏನಿತ್ತು?"

"ನಾ ಒಡದು ನೋಡಿಲ್ಲ ಅತ್ತಿಗಿ. ಹಂಗಽ ಕೊಟ್ಟೆ."

"ಯಾರಿಗೆ?"

ಪಕೀರಪ್ಪ ಒಳಕೋಣೆಯ ಬಾಗಿಲಿನ ಕಡೆ ನೋಡಿದ. ಖಾದರಬಾಷಾನ ಕೈ ತಾನಾಗಿ ಪೆನ್ನಿನ ಟೋಪಿ ತೆಗೆಯಿತು.

"ಯಾರಿಗೆ ಕೊಟ್ಟಿ? ನೂರು ಶೇರು ಇನ್ನೂರು ಆಗಿ ಒಂದೂವರಿ ವರ್ಷಾತು. ಬ್ಯಾಂಕಿನಾಗ ಆರುನೂರು ರೂಪಾಯಿ ತಗದಾರ. ತಗದಾವ ನೀನಽ ಆಗಿದ್ರ, ನನ್ನ ಕೈಯಾಗ ಮುನ್ನೂರು ಯಾಕ ಇಟ್ಟಿ?" ಅವಳು ನೋಟುಗಳನ್ನು ಚಾಪೆಯ ಮೇಲೆ ಇಟ್ಟಳು. "ಕಳ್ಳತನ ಮಾಡದಽ ಕಳ್ಳ ಅನಿಸ್ಕೊಳ್ಳಾಕ ನಿಂತೀಯಲ್ಲೋ ತಮ್ಮ. ಯಾರ ಸಲುವಾಗಿ?"

ಪಕೀರಪ್ಪ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಬೆನ್ನು ಕುಲುಕಾಡತೊಡಗಿತು.

ಒಳಕೋಣೆಯ ಬಾಗಿಲು ಸದ್ದು ಮಾಡಿತು.

"ಅವನ್ನ ಬಿಡು ಪಾರವ್ವ," ಸೂಗಮ್ಮ ಹೊಸ್ತಿಲ ಮೇಲೆ ನಿಂತಿದ್ದಳು. ಮಲಗಿದ್ದವಳಂತೆ ಇರಲಿಲ್ಲ; ಬಾಗಿಲ ಹಿಂದೆ ನಿಂತು ನಿಂತು ಕಾಲು ಸೋತವಳಂತೆ ಇದ್ದಳು. "ಅವಗ ಸುಳ್ಳು ಹೇಳಾಕ ಬರಂಗಿಲ್ಲ. ಸಣ್ಣಾವಿದ್ದಾಗಿಂದಽ ಬರಂಗಿಲ್ಲ."

"ಅವರು ಬದುಕ್ಯಾರೇನು ಅತ್ತಿ?"

"ಬದುಕ್ಯಾನ."

ಒಂದೇ ಮಾತು. ನೀರು ಬೇಕೇನು ಎಂದು ಕೇಳಿದಷ್ಟು ಸಲೀಸಾಗಿ ಬಂತು.

"ಯಾವಾಗ ನೋಡೀರಿ?"

"ಹೋದ ಅಮಾಸಿಗೆ ಬಂದಿದ್ದ. ಉಂಡು ಹೋದ."

ಹೋದ ಅಮಾವಾಸ್ಯೆಗೆ ಪಾರ್ವತೆಮ್ಮ ಎಣ್ಣೆ ಬತ್ತಿ ಹಿಡಿದುಕೊಂಡು ಕಾಲುವೆಯ ಏರಿ ದಾಟಿ ಹೋಗಿದ್ದಳು. ಗಾಳಿಗೆ ದೀಪ ನಿಲ್ಲಲಿಲ್ಲ, ಸೆರಗು ಅಡ್ಡ ಹಿಡಿದು ಕುಳಿತಿದ್ದಳು. ಅದೇ ಹೊತ್ತಿಗೆ ಈ ಚಾಪೆಯ ಮೇಲೆ ಅವನು ಉಣ್ಣುತ್ತಿದ್ದನೇನೋ. ಅವ್ವ ಇನ್ನೊಂದು ರೊಟ್ಟಿ ಹಾಕಿಸಿಕೋ ಎಂದಿರಬೇಕು. ಅವನು ಸಾಕು ಎಂದಿರಬೇಕು.

"ನನ್ನ... ನನ್ನ ಸುದ್ದಿ ಕೇಳಿದ್ರೇನು?"

ಸೂಗಮ್ಮ ಮುಖ ಹೊರಳಿಸಿದಳು.

"ಹೆಣದ ಕೈಯಾಗ ಗಡಿಯಾರ ಅವಂದಽ ಇತ್ತು," ಖಾದರಬಾಷಾನ ದನಿಯೀಗ ಬೇವಿನ ಗಿಡದ ಕೆಳಗಿನ ದನಿಯಾಗಿರಲಿಲ್ಲ, ಠಾಣೆಯ ದನಿ. "ಹೆಂಗ ಬಂತು?"

"ನಾನಽ ಕಟ್ಟಿದೆ," ಪಕೀರಪ್ಪ ಮುಖ ಎತ್ತದೆಯೇ ಅಂದ. "ಅವ್ವ ಕಟ್ಟು ಅಂದ್ಳು."

ಪಾರ್ವತೆಮ್ಮ ಅತ್ತೆಯ ಕೈ ನೋಡಿದಳು. ಹನ್ನೊಂದನೆಯ ದಿನ ಆ ಕೈಗಳೇ ಅವಳ ಮುಂಗೈ ಹಿಡಿದು ಬಾಗಿಲ ಕಲ್ಲಿಗೆ ಅಪ್ಪಳಿಸಿದ್ದವು. ಗಾಜು ಚುಚ್ಚಿ ರಕ್ತ ಬಂದಾಗ, ತನ್ನ ಸೆರಗಿನಿಂದಲೇ ಒತ್ತಿ ಹಿಡಿದು, "ಅಳಬ್ಯಾಡ ನನ್ನವ್ವ," ಎಂದಿದ್ದಳು. ಎಲ್ಲ ಗೊತ್ತಿದ್ದೂ ಅಂದಿದ್ದಳು. ಅವಳ ಕಣ್ಣೀರು ಅವತ್ತು ಸುಳ್ಳಾಗಿರಲಿಲ್ಲ. ಅದೇ ಪಾರ್ವತೆಮ್ಮನಿಗೆ ಎಲ್ಲಕ್ಕಿಂತ ಅರ್ಥವಾಗದೆ ಉಳಿಯಿತು.

ಸೂಗಮ್ಮ ಗೋಡೆಯ ಗೂಡಿಗೆ ಕೈ ಹಾಕಿದಳು. ಕಿರಿಯ ಸೊಸೆ ಸಂಕ್ರಾಂತಿಗೆಂದು ತಂದಿಟ್ಟಿದ್ದ ಹಸಿರು ಬಳೆಗಳ ಪೊಟ್ಟಣ ಬಿಚ್ಚಿ ಮುಂದೆ ಹಿಡಿದಳು.

"ಹಾಕ್ಕೋ ಬೇ. ನನ್ನ ಕೈಲೆ ಒಡದೀನಿ, ನನ್ನ ಕೈಲೆ ಕೊಡಾಕತ್ತೀನಿ. ನಿನ್ನ ಗಂಡ ಅದಾನ. ಮತ್ತೇನೂ ಕೇಳಬ್ಯಾಡ."

ಖಾದರಬಾಷಾ ಏನೋ ಹೇಳಲು ಹೊರಟ. ಪಾರ್ವತೆಮ್ಮ ಕೈ ಎತ್ತಿ ತಡೆದಳು.

"ನನಗ ಗಂಡ ಸಿಕ್ಕ. ಆತು," ಅಂದಳು. ಕಣ್ಣಲ್ಲಿ ಈಗ ಒಂದು ಹನಿಯೂ ಇರಲಿಲ್ಲ. "ಆ ಮಣ್ಣಾಗ ಮಲಗ್ಯಾನಲ್ಲ ಅತ್ತಿ, ಅವಗೂ ಒಬ್ಬಾಕಿ ಹೇಣ್ತಿ ಇರಬೇಕು. ಆಕಿ ಕೈಯಾಗ ಇನ್ನೂ ಬಳಿ ಇರಬೇಕು. ಆಕಿ ಯಾರು, ಮೊದ್ಲು ಅದನ್ನ ಹೇಳ್ರಿ."

ಸೂಗಮ್ಮ ಬಳೆಗಳನ್ನು ಮತ್ತೆ ಪೊಟ್ಟಣದಲ್ಲಿ ಸುತ್ತಿದಳು.

"ಅದು ಕೇಳಿದ್ರ ನೀ ನಾಳೆ ಕೆಲಸಕ್ಕ ಹೋಗಂಗಿಲ್ಲ."

"ಹೇಳ್ರಿ."

"ಮಾರೆಮ್ಮ," ಎಂದಳು ಸೂಗಮ್ಮ. "ನಿನ್ನ ಅಂಗನವಾಡ್ಯಾಗ ಉಪ್ಪಿಟ್ಟು ತಿರುವತಾಳಲ್ಲ, ಆಕಿ. ಅಲ್ಲಿ ಮಲಗಿದಾವ ಆಕಿ ಗಂಡ ಗಾಳೆಪ್ಪ."

ಗಾಳೆಪ್ಪ ಮುಂಬಯಿಗೆ ದುಡಿಯಲು ಹೋಗಿದ್ದಾನೆಂದೇ ಊರೆಲ್ಲ ನಂಬಿತ್ತು. ಮಾರೆಮ್ಮನಿಗೆ ಓದು ಬರಹ ಬಾರದು. ತಿಂಗಳಿಗೊಮ್ಮೆ ಮಕ್ಕಳು ಮನೆಗೆ ಹೋದ ಮೇಲೆ, ಕೈ ಒರೆಸಿಕೊಂಡು ಬಂದು, ಗಂಡನಿಗೆ ಕಾರ್ಡು ಬರೆಸಲು ಪಾರ್ವತೆಮ್ಮನ ಎದುರು ಕೂಡುತ್ತಿದ್ದಳು. 'ನಾ ಆರಾಮ ಅದೀನಿ, ನೀವು ಯಾವಾಗ ಬರ್ತೀರಿ ಅಂತ ಬರೀರಿ ಟೀಚರಮ್ಮ,' ಎನ್ನುತ್ತಿದ್ದಳು. ನಾಚಿಕೊಂಡು ಇನ್ನೊಂದು ಸಾಲು ಹೇಳಿಸುತ್ತಿದ್ದಳು. ಆ ಕಾರ್ಡುಗಳನ್ನೆಲ್ಲ ಬರೆದದ್ದು ಪಾರ್ವತೆಮ್ಮನೇ.

ನಿನ್ನೆ ಬರೆದದ್ದು ಇನ್ನೂ ಡಬ್ಬಿಗೆ ಹಾಕಿರಲಿಲ್ಲ. ಅವಳ ಕೈಚೀಲದಲ್ಲೇ ಇತ್ತು.